ಐದನೇ ಕಾವಲುಗಾರ

ಆ ಬೂದು ಬಣ್ಣದ ಕಾರು ಮೂರನೇ ಸಲ ಬೀದಿಗೆ ಬಂತು. ಈ ಸಲ ನಿಂತಿತು.

ಪರದೆಯ ಸಂದಿಯಿಂದ ನೋಡಿದೆ. ಸ್ಟೀರಿಂಗ್ ಹಿಂದೆ ಒಬ್ಬ ಗಂಡಸು. ಕೈಯಲ್ಲಿ ಮೊಬೈಲ್. ಕಣ್ಣು ಒಮ್ಮೆ ಅದರ ಮೇಲೆ, ಒಮ್ಮೆ ಮನೆಗಳ ಮೇಲೆ.

"ಅವರೇ..." ಎಂದಳು ನನ್ನ ಹಿಂದೆ ನಿಂತಿದ್ದ ಟೀಚರ್. "ನನ್ನ ಗಂಡ."

ನಾನು ಬಂದಿದ್ದು ಇದಕ್ಕಲ್ಲ, ನೋಡಿ. ಪೊಲೀಸ್ ಕೆಲಸ ಬಿಟ್ಟ ಮೇಲೆ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಇದು ಗಂಡಂದಿರಿಂದ ತಪ್ಪಿಸಿಕೊಂಡು ಬಂದ ಹೆಂಗಸರ ಆಶ್ರಯಧಾಮ. ಬೋರ್ಡಿಲ್ಲ. ವಿಳಾಸವನ್ನು ಯಾರಿಗೂ ಕೊಡುವುದಿಲ್ಲ. ವಾರ್ಡನ್ ಅಕ್ಕ ಬೆಳಿಗ್ಗೆ ಫೋನ್ ಮಾಡಿ, ಒಂಬತ್ತು ದಿನದಿಂದ ಇಂಟರ್‌ನೆಟ್ ತೆವಳುತ್ತಿದೆ, ಒಂದು ಪೇಜ್ ತೆರೆಯುವಷ್ಟರಲ್ಲಿ ಪಾತ್ರೆ ತೊಳೆದು ಬರಬಹುದು ಎಂದು ಗೋಳಾಡಿದ್ದರು.

ಬ್ರೌಸರ್ ತೆರೆದೆ. ಐದು ಸೆಕ್ಯುರಿಟಿ ಎಕ್ಸ್‌ಟೆನ್ಷನ್‌ಗಳು! ಬ್ರೌಸರಿಗೆ ಅಂಟಿಕೊಂಡು ಕಾವಲು ಕಾಯುವ ಪುಟ್ಟ ಸಾಫ್ಟ್‌ವೇರ್‌ಗಳು. ಯಾವ ಪೇಜ್ ತೆರೆದರೂ ಐದೂ ಅದನ್ನು ತಡೆದು ತಪಾಸಣೆ ಮಾಡುತ್ತಿದ್ದವು. ನಾಲ್ಕನ್ನು ಅಕ್ಕನೇ ಹೆದರಿಕೊಂಡು ಹಾಕಿಸಿದ್ದರು.

ಐದನೆಯದು ಅವರದಲ್ಲ.

ಹೆಸರು ಸಾಚಾ, ಕೆಲಸ ಖೋಟಾ. ಇಲ್ಲಿ ತೆರೆದ ಪ್ರತಿ ಪೇಜನ್ನೂ ಅದು ಹೊರಗೆ ಯಾರಿಗೋ ವರದಿ ಮಾಡುತ್ತಿತ್ತು.

ಒಳಗೆ ಬಂದದ್ದು ಹೇಗೆ? ಟೀಚರ್ ಇಲ್ಲಿಗೆ ಬಂದು ಒಂಬತ್ತು ದಿನ. ಮೇಲ್ ನೋಡಲು ಈ ಬ್ರೌಸರಿನಲ್ಲಿ ತನ್ನ ಅಕೌಂಟಿಗೆ ಲಾಗಿನ್ ಆಗಿದ್ದಳು. ಮನೆಯಲ್ಲಿದ್ದಾಗ ಗಂಡ ಆ ಅಕೌಂಟಿಗೆ ಸೇರಿಸಿದ್ದ ಎಕ್ಸ್‌ಟೆನ್ಷನ್ ಅವಳ ಬೆನ್ನಿಗೇ ಬಂದಿತ್ತು. ನಿನ್ನೆ ಆಕೆ ಈ ಬೀದಿಯಿಂದ ಕ್ಲಿನಿಕ್ಕಿಗೆ ದಾರಿಯನ್ನು ಮ್ಯಾಪಿನಲ್ಲಿ ಹುಡುಕಿದ್ದಳು.

ಬೀದಿ ಅವನಿಗೆ ಸಿಕ್ಕಿತ್ತು. ಮನೆ ಇನ್ನೂ ಸಿಕ್ಕಿರಲಿಲ್ಲ.

ಕಾರಿನ ಬಾಗಿಲು ತೆರೆಯಿತು. ಇಳಿದ. ಮೊದಲ ಮನೆಯ ಗೇಟು ತಟ್ಟಿದ.

ನಮ್ಮದು ಆರನೆಯದು.

ನನ್ನ ಜೊತೆ ಕೆಲಸ ಮಾಡಿದ್ದ ಇನ್ಸ್‌ಪೆಕ್ಟರ್ ಮೇಡಂಗೆ ಫೋನ್ ಹಚ್ಚಿದೆ. ಅವನು ಹೆಂಡತಿಯ ಹತ್ತಿರ ಸುಳಿಯಬಾರದೆಂದು ಕೋರ್ಟ್ ಆದೇಶವೇ ಇತ್ತು. ಆದರೆ ಮೇಡಂ ಇದ್ದದ್ದು ಬಸ್ ನಿಲ್ದಾಣದ ಔಟ್‌ಪೋಸ್ಟಿನಲ್ಲಿ. ಇಲ್ಲಿಗೆ ಬರಲು ಇಪ್ಪತ್ತು ನಿಮಿಷ ಬೇಕೆಂದರು. ಅಷ್ಟರಲ್ಲಿ ಇಲ್ಲಿ ಎಲ್ಲಾ ಮುಗಿದಿರುತ್ತಿತ್ತು.

"ನೀವು ಅಲ್ಲೇ ಇರಿ ಮೇಡಂ," ಎಂದೆ. "ಅವನನ್ನ ನಾನೇ ಕಳಿಸ್ತೀನಿ."

ಆ ಐದನೆಯದನ್ನು ಮೊದಲು ಕಿತ್ತುಹಾಕು ಎಂದರು ಅಕ್ಕ. ಪೇಜ್ ಬೇಗ ತೆರೆಯಲೆಂದು ನಾನು ಉಳಿದ ನಾಲ್ಕನ್ನು ಕಿತ್ತೆ. ಟೀಚರನ್ನು ಕುರ್ಚಿಯಲ್ಲಿ ಕೂರಿಸಿದೆ.

"ಬಸ್ ಟಿಕೆಟ್ ಬುಕ್ ಮಾಡಿ. ನಿಮ್ಮ ಹೆಸರಲ್ಲೇ. ನಾಲ್ಕು ಗಂಟೆ ಬಸ್ಸು, ಇನ್ನು ಅರ್ಧ ಗಂಟೆ ಇದೆ."

"ಅವರು ನೋಡ್ತಾರೆ..."

"ನೋಡಲಿ ಅಂತಾನೇ."

ಎರಡು ಸಲ ತಪ್ಪು ಒತ್ತಿದಳು. ಹೊರಗೆ ನಾಲ್ಕನೇ ಗೇಟು ತಟ್ಟಿದ ಸದ್ದು. ಕಂಪ್ಯೂಟರ್ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು...

ಐದನೇ ಗೇಟು.

ಅಕ್ಕ ಬಾಗಿಲಿಗೆ ಮೇಜು ಎಳೆದಿಟ್ಟು, ಅದಕ್ಕೆ ಬೆನ್ನು ಕೊಟ್ಟು ನಿಂತರು.

ಟಿಕೆಟ್ ಬಂತು.

ನಮ್ಮ ಗೇಟಿನ ಚಿಲಕಕ್ಕೆ ಕೈ ಹಾಕಿದವನು ನಿಂತ. ಮೊಬೈಲ್ ನೋಡಿದ. ನಕ್ಕ. ಟೀಚರ್ ನನ್ನ ತೋಳು ಹಿಡಿದಿದ್ದಳು. ಉಗುರು ನಾಟಿದ್ದು ಆಮೇಲೆ ಗೊತ್ತಾಯಿತು.

ಅವನು ಕಾರಿಗೆ ಓಡಿದ.

ಮುಕ್ಕಾಲು ಗಂಟೆ ಕಳೆಯಿತು. ಆಮೇಲೆ ಮೇಡಂ ಫೋನ್ ಬಂತು. ಬಸ್ಸು ಹತ್ತಿ ಸೀಟು ಸೀಟು ಹುಡುಕುತ್ತಿದ್ದವನನ್ನು ಕಾಲರ್ ಹಿಡಿದು ಇಳಿಸಿದರಂತೆ. ಚೀಲದಲ್ಲಿ ಹಗ್ಗ, ಟೇಪು, ಒಂದು ಬಾಟಲಿ ಆಸಿಡ್.

ಚೀಲದ ಸಂಗತಿ ಟೀಚರಿಗೆ ಹೇಳಲಿಲ್ಲ. ಐದನೆಯದನ್ನು ಮಾತ್ರ ಅವಳ ಕೈಯಿಂದಲೇ ಅಳಿಸಿಸಿದೆ.

ಹೆಂಡತಿಯ ಸುರಕ್ಷತೆಗೆಂದೇ ಅದನ್ನು ಹಾಕಿದ್ದೆ ಎಂದು ಅವನು ಹೇಳಿಕೆ ಕೊಟ್ಟನಂತೆ.

ಈಗ ಅವನ ಸುರಕ್ಷತೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳಿದ್ದಾರೆ. ಬೀಗ ಹೊರಗಿನಿಂದ.