ಕಂದಕ ದಾಟಿದ ಕಟ್ಟಿಗೆ

1959ರ ಜೂನ್ 8, ಸೋಮವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಅರಣ್ಯ ಇಲಾಖೆಯ ರೇಂಜರ್ ಪಂಢರಿನಾಥ್ ತಿರುವೊಟ್ಟಿಯೂರು ಠಾಣೆಗೆ ಬಂದು, ಬರೆದು ತಂದಿದ್ದ ದೂರನ್ನು ಇನ್‌ಸ್ಪೆಕ್ಟರ್ ಪರಮೇಶ್ವರಪ್ಪನವರ ಮೇಜಿನ ಮೇಲಿಟ್ಟರು. ಕಡಲ ದಂಡೆಯ ಸರ್ಕಾರಿ ತೋಪಿನಲ್ಲಿ ಮೂವತ್ತೆರಡು ಗಾಳಿಮರಗಳಿಗೆ ರೋಗ ತಗಲಿತ್ತು. ಅವುಗಳಿಗೆ ಡಾಂಬರಿನ ಪಟ್ಟೆ ಬಳಿದು, ಸುತ್ತ ಕಂದಕ ತೋಡಿಸಿ, ಶನಿವಾರ ಕಡಿಸಿ ರಾಶಿ ಹಾಕಿದ್ದರು. ಸೋಮವಾರ ಬೆಳಿಗ್ಗೆ ಅಲ್ಲಿಯೇ ಸುಡಬೇಕೆಂದು ಆಜ್ಞೆ. ಸುಡಲು ಹೋದಾಗ ರಾಶಿ ತಗ್ಗಿತ್ತು.

ಪರಮೇಶ್ವರಪ್ಪನವರು ಬಳ್ಳಾರಿಯವರು. ಬಳ್ಳಾರಿ ಮದರಾಸಿಗೆ ಸೇರಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ ಇಲ್ಲಿಯೇ ಉಳಿದವರು. ದೂರನ್ನು ಎರಡು ಸಲ ಓದಿದರು.

“ಹೆಂಗೂ ಸುಡೋ ಕಟ್ಟಿಗೆ. ಅಷ್ಟಕ್ಕ ಇಷ್ಟು ಗಾಬರಿ ಯಾಕ್ರಿ?”

“ಈ ರೋಗದಲ್ಲಿ ತೊಗಟೆ ಬೊಬ್ಬೆ ಎದ್ದು ಒಡೆಯುತ್ತೆ ಸಾರ್. ಒಳಗೆ ಮಸಿಯಂಥ ಪುಡಿ. ಅದು ಗಾಳಿಯಲ್ಲಿ ಹೋಗಿ ಕೂತಲ್ಲಿ ರೋಗ. ಕಂದಕದ ಆಚೆ ಒಂದೇ ಒಂದು ಮರಕ್ಕೆ ಕಂಡರೂ ನೂರಿಪ್ಪತ್ತು ಎಕರೆ ಪೂರ್ತಿ ಕಡಿಯಿರಿ ಅಂತ ಸರ್ಕಾರ ಬರೆದಿದೆ.”

ಕಳವಿನ ಕಲಮು 379ರ ಕೆಳಗೆ ಎಫ್.ಐ.ಆರ್. ದಾಖಲಾಯಿತು. ಹತ್ತೂ ಮುಕ್ಕಾಲಿಗೆ ಇನ್‌ಸ್ಪೆಕ್ಟರು ಹೆಡ್ ಕಾನ್‌ಸ್ಟೇಬಲ್ ದೊರೈಕಣ್ಣುವಿನೊಡನೆ ತೋಪು ತಲುಪಿದರು. ಭಾನುವಾರ ರಾಶಿಯ ಕಾವಲಿಗಿದ್ದವನು ಗಾರ್ಡ್ ಸುಬ್ರಾಯ. ಕುಂದಾಪುರದ ಕಡೆಯವನು, ಹತ್ತೊಂಬತ್ತು ವರ್ಷದ ನೌಕರಿ, ಒಂದು ಕಪ್ಪು ಚುಕ್ಕೆ ಇಲ್ಲ ಎಂದು ರೇಂಜರು ಹೇಳಿದರು. ತಾನು ಹನ್ನೆರಡಕ್ಕೆ ಸನ್ನಿಧಿ ಬೀದಿಯ ಉಡುಪಿ ಹೋಟೆಲಿಗೆ ಊಟಕ್ಕೆ ಹೋಗಿ ಒಂದೂವರೆಗೆ ಮರಳಿದೆ, ಆ ನಡುವೆ ಯಾರೋ ಒಯ್ದಿರಬೇಕು ಎಂದು ಸುಬ್ರಾಯ ಹೇಳಿಕೆ ಕೊಟ್ಟ. ಹೇಳುತ್ತ ಮೀನುಗಾರರ ಗುಡಿಸಲುಗಳ ಕಡೆ ನೋಡಿದ. ದೊರೈಕಣ್ಣು ಆಗಲೇ ಲಾಠಿ ಎತ್ತಿಕೊಂಡು ಅತ್ತ ಹೊರಟಿದ್ದ.

ಇನ್‌ಸ್ಪೆಕ್ಟರು ಅವನನ್ನು ತಡೆದರು. ರಾಶಿಯ ಮಗ್ಗುಲಲ್ಲಿ ಗೇಣಗಲದ ಐದು ಮರದ ಬಿಲ್ಲೆಗಳು ಒಂದರ ಮೇಲೊಂದು ನೆಟ್ಟಗೆ ಕೂತಿದ್ದವು. ಗರಗಸದಲ್ಲಿ ಕೊಯ್ದವು. ಐದಕ್ಕೂ ಡಾಂಬರಿನ ಪಟ್ಟೆಯಿತ್ತು.

“ಸುಡೋಕಿಂತ ಮುಂಚೆ ಏನು ಎಣಿಸ್ತೀರಿ?” ಎಂದು ರೇಂಜರನ್ನು ಕೇಳಿದರು.

“ಪಟ್ಟೆಗಳನ್ನ.”

ಎಣಿಸಿದರು. ಮೂವತ್ತೆರಡೂ ಸರಿಯಾಗಿದ್ದವು. ಗುಡಿಸಲಿನವನು ಸೌದೆ ಕದ್ದರೆ ಪಟ್ಟೆ ಕೊಯ್ದಿಟ್ಟು ಹೋಗುವುದಿಲ್ಲ. ಲೆಕ್ಕ ಒಪ್ಪಿಸಬೇಕಾದವನ ಕೈ ಇದು. ಹಾಗೆಂದು ಪರಮೇಶ್ವರಪ್ಪನವರಿಗೆ ಅನಿಸಿತು. ಸ್ಥಳ ಪಂಚನಾಮೆ ಮುಗಿಸಿ, ಸುಬ್ರಾಯ ತೋಪು ಬಿಟ್ಟು ಕದಲದಂತೆ ದೊರೈಕಣ್ಣುವನ್ನು ಅಲ್ಲಿ ನಿಲ್ಲಿಸಿ, ಗಾರ್ಡಿನ ಊಟದ ಹೊತ್ತನ್ನು ಖಚಿತ ಮಾಡಿಕೊಳ್ಳಲು ಹೋಟೆಲಿಗೆ ನಡೆದರು.

ಅಡಿಗೆಯ ಮುಖ್ಯಸ್ಥ ವಿಷ್ಣುಮೂರ್ತಿ ಭಟ್ಟರು ಹಿತ್ತಲಲ್ಲಿದ್ದಾರೆಂದು ತಿಳಿಯಿತು. ಅಲ್ಲಿ ಅಕ್ಕು ಎಂಬ ಕೆಲಸದ ಹೆಂಗಸು ಕಲ್ಲಿನ ಮೇಲೆ ಕಟ್ಟಿಗೆ ಇಟ್ಟುಕೊಂಡು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಚರಂಡಿಯಲ್ಲಿ ಹರಿಯುತ್ತಿದ್ದ ನೀರು ಕಡುಕಪ್ಪು.

“ಎಷ್ಟು ಕೊಡ ಹೊಯ್ದರೂ ಕಪ್ಪೇ ಬತ್ತದೆ. ಮಸಿಯಲ್ಲಿ ಅದ್ದಿ ತಂದ ಹಾಂಗೆ,” ಎಂದು ಅವಳು ಗೊಣಗಿದಳು.

“ಕಟ್ಟಿಗೆ ಯಾಕ್ ತೊಳೀತೀರಿ ಭಟ್ರೇ?”

“ಎಲ್ಲವನ್ನೂ ಇಲ್ಲ ಸಾರ್. ಇದು ದೇವರ ಒಲೆಗೆ, ನೈವೇದ್ಯದ್ದು. ಮಡಿ. ತೊಳೆದು ಒಣಗಿಸದೆ ನಾನು ಒಳಗೆ ಹಾಕಲಿಕ್ಕೆ ಬಿಡೂದಿಲ್ಲ.”

“ಎಲ್ಲಿಂದ ಬಂತು?”

“ನಮ್ಮ ಸುಬ್ರಾಯ ಕೊಟ್ಟದ್ದು. ನಿನ್ನೆ ಹತ್ತೂವರೆಗೆ ಗಾಡಿಯಲ್ಲಿ ತಂದು ಹಾಕಿದ. ದೇವರ ಒಲೆಗೇ ಇಡಿ ಅಂತ ಎರಡೆರಡು ಸಲ ಹೇಳಿದ.”

ಇನ್‌ಸ್ಪೆಕ್ಟರು ಅಕ್ಕುವಿಗೆ ನೀರು ನಿಲ್ಲಿಸಲು ಹೇಳಿದರು. ಆಮೇಲೆ ಚರಂಡಿಯ ಜಾಡು ಹಿಡಿದು ಹೋದರು. ಅದು ಗೋಡೆಯ ಕಿಂಡಿಯಿಂದ ಹೊರಗೆ ಇಳಿಯುತ್ತಿತ್ತು. ಗೋಡೆಯಾಚೆ ಯಾರೋ ಖಾಸಗಿಯವರ ಗಾಳಿಮರದ ತೋಪು.

ರೇಂಜರಿಗೆ ಹೇಳಿಕಳಿಸಿದರು. ಪಂಢರಿನಾಥ್ ಬಂದು ಒಂದು ತುಂಡಿನ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ, ಬೆರಳಿಗೆ ಹತ್ತಿದ ಮಸಿಯಂಥ ಪುಡಿಯನ್ನು ಇನ್‌ಸ್ಪೆಕ್ಟರಿಗೆ ತೋರಿಸಿದರು. ಚರಂಡಿಯ ಬಾಯಲ್ಲಿದ್ದ ಹನ್ನೊಂದು ಮರಗಳಿಗೆ, ಮಾಲೀಕರನ್ನು ಕರೆಸಿ ತಿಳಿಸಿ, ಪಟ್ಟೆ ಬಳಿಸಿದರು. ಹಸಿರಾಗಿ ನಿಂತಿದ್ದ ಮರಗಳು. ಇವತ್ತೇ ಕಡಿದು ಸುಟ್ಟರೆ ಉಳಿದ ತೋಪುಗಳು ಬಚಾವಾದಾವು, ಒಂದು ಮಳೆಗಾಲ ಕಳೆಯದೆ ಖಂಡಿತ ಹೇಳಲಾರೆ ಎಂದರು. ಜಪ್ತಿ ಪಂಚನಾಮೆಯಲ್ಲಿ ಅರವತ್ತೇಳು ತುಂಡುಗಳು ಬಂದವು. ಮಾದರಿಗೆ ಎರಡನ್ನು ಅರಗಿನ ಮೊಹರು ಹಾಕಿ ಇಟ್ಟುಕೊಂಡು ಉಳಿದವನ್ನು ಅಲ್ಲಿಯೇ ಸುಟ್ಟರು.

ಸಂಜೆ ನಾಲ್ಕು ಮೂವತ್ತೈದಕ್ಕೆ ಸುಬ್ರಾಯನ ದಸ್ತಗಿರಿಯಾಯಿತು. ಕಾವಲಿನ ಸರಕನ್ನು ಕಾವಲುಗಾರನೇ ಸಾಗಿಸಿದ್ದರಿಂದ ಕಲಮು ನಂಬಿಕೆದ್ರೋಹದ 409ಕ್ಕೆ ಬದಲಾಯಿತು. ಬೆಲ್ಟು, ಇಲಾಖೆಯ ಬಿಲ್ಲೆ ಬಿಚ್ಚಿಕೊಡುವಾಗ ಅವನು ಎರಡನ್ನೂ ಒರೆಸಿ ಕೊಟ್ಟ.

ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅವನು ಆ ಹೋಟೆಲಿನಲ್ಲಿ ಉಂಡಿದ್ದ. ಒಂದೇ ಊರಿನವನೆಂದು ಹೋಟೆಲಿನ ಮಾಲೀಕರು ಅವನಿಗೆ ಬಿಲ್ಲು ಬರೆಯಬೇಡಿ ಎಂದಿದ್ದರು. ಯುಗಾದಿಯ ದಿನ ಪಂಕ್ತಿಯ ನಡುವೆ ಭಟ್ಟರು ಅವನ ಎಲೆಗೆ ಪಾಯಸ ಬಡಿಸುತ್ತ, ಕಾಡಿನ ನೌಕರಿಯವನಾದರೂ ನಿನ್ನ ಕೈಯಲ್ಲಿ ಒಂದು ಕಟ್ಟಿಗೆ ಚೂರು ಕಂಡದ್ದಿಲ್ಲವಲ್ಲ ಮಾರಾಯ ಎಂದರಂತೆ. ಪಂಕ್ತಿಯೆಲ್ಲ ನಕ್ಕಿತಂತೆ.

“ಹತ್ತೊಂಬತ್ತು ವರ್ಷ ಒಂದು ಕಡ್ಡಿ ಮುಟ್ಟಲಿಲ್ಲ ಸಾರ್. ಇದನ್ನು ಹೇಗೂ ಸುಡೂದೇ ಅಲ್ವಾ? ಇಲ್ಲಿ ಸುಟ್ಟರೇನು, ದೇವರ ಒಲೆಯಲ್ಲಿ ಸುಟ್ಟರೇನು ಅಂತ ಕಂಡಿತು.”

“ಹೋಟೆಲಿನ ದೊಡ್ಡ ಒಲೆಗೆ ಹಾಕಿಸಿದ್ದರೆ ಬೆಳಿಗ್ಗೆ ಬೂದಿ ಆಗಿರ್ತಿತ್ತು. ಯಾರೂ ತೊಳೀತಿರಲಿಲ್ಲ.”

“ಅದು ಗೊತ್ತುಂಟು. ಆದರೆ ಅದರಲ್ಲಿ ಬೆಂದದ್ದು ನನ್ನ ಎಲೆಗೂ ಬರ್ತಿತ್ತಲ್ಲ ಸಾರ್. ಉಣ್ಣಲಿಕ್ಕೋಸ್ಕರ ತಂದ ಅಂತ ಆಗ್ತಿತ್ತು.”

ಮರುದಿನ ಹನ್ನೊಂದಕ್ಕೆ ಭಟ್ಟರ ಹೇಳಿಕೆ ಪಡೆಯುವಾಗ ಇನ್‌ಸ್ಪೆಕ್ಟರು ಯುಗಾದಿಯ ಮಾತನ್ನು ಕೇಳಿದರು. ಬಡಿಸುವಾಗ ನಗೆಗೆ ಎಲ್ಲರಿಗೂ ಏನಾದರೊಂದು ಹೇಳುತ್ತಿರುತ್ತೇನೆ, ಇದು ನನಗೆ ನೆನಪೇ ಇಲ್ಲ ಎಂದರು ಭಟ್ಟರು. ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ. ಪರಮೇಶ್ವರಪ್ಪನವರು ಅದನ್ನು ಹಾಗೆಯೇ ಬರೆದುಕೊಂಡು, ಸಹಿಗಾಗಿ ಕಾಗದವನ್ನು ಅವರ ಕಡೆ ತಿರುಗಿಸಿದರು.