ಕಾಣದ ಕಿಸೆ

"ಯಾರಿಗೂ ಕಾಣದಂಥಾ ಒಂದು ಕಿಸೆ ಹೊಲದು ಕೊಡ್ರಿ, ಬಾಯಾರ."

ಹೊಲಿಗೆ ಯಂತ್ರದ ಗಾಲಿ ಗಕ್ಕನೆ ನಿಂತಿತು. ಸಾವಂತ್ರೆವ್ವ ತಲೆ ಎತ್ತಿದಳು.

ಅಂಗಡಿಯ ಬಾಗಿಲಲ್ಲಿ ಎತ್ತರದ ಆಳು. ಕೈಯಲ್ಲಿ ಹಳೆಯ ಕೋಟು, ಉಗುರಿನ ಸಂದಿಯಲ್ಲಿ ಕರಿ ಗ್ರೀಸು. ಮುಖದಲ್ಲಿ ಮಾತ್ರ ಎಂಥವರನ್ನೂ ನಂಬಿಸಿಬಿಡುವ ನಗು...

ನಂಬಿಸುವ ನಗು ಕಂಡರೆ ಸಾವಂತ್ರೆವ್ವನಿಗೆ ಆಗುತ್ತಿರಲಿಲ್ಲ.

"ಕಾಣದ ಕಿಸೆ ಯಾಕ್ರಿ? ಅದರಾಗ ಏನ್ ಮುಚ್ಚಿ ಇಡಾವ್ರು?"

"ಅದನ್ನ ಹೇಳಂಗಿಲ್ರಿ." ಅವನು ಕೋಟನ್ನು ಒಳಮೈ ತಿರುಗಿಸಿ ತೋರಿಸಿದ. "ಇಲ್ಲಿ, ಎಡಬಗಲಿನ ಕೆಳಗ. ಬಾಯಿ ಅಗಲ ಇರ್ಲಿ. ಒಳಗ ಮೆತ್ತನ ಅರಿವಿ ಹಾಕ್ರಿ. ಏನರ ಬಿದ್ರ ಸಪ್ಪಳ ಆಗಬಾರದು."

ಕಳ್ಳನೇ ಇರಬೇಕು... ಹಗಲುಗಳ್ಳ. ಅವಳು ಕೋಟನ್ನು ವಾಪಸ್ ನೂಕುವಷ್ಟರಲ್ಲಿ ಕಾಕಾ ಮಾಳಪ್ಪ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ.

"ಬಂದ್ರ್ಯಾ ಪ್ರೊಫೆಸರ್ರ? ಸಾವಂತ್ರಿ, ಇವರ ನೋಡವಾ ಜಾದೂಗಾರ ಪರಸಪ್ಪ. ನಮ್ಮ ಬಾಯವ್ವನ ರಿಸೆಪ್ಶನ್ನಿಗೆ ಇವರದ ಆಟ."

1974ರ ಮಾತು. ಬೈಲಹೊಂಗಲದ ಪೇಟೆಯಲ್ಲಿ ರಿಸೆಪ್ಶನ್ ಎಂಬುದೇ ಹೊಸದು. ತಂಗಿ ಬಾಯವ್ವನನ್ನು ಮಗನಿಗೆ ಕೇಳಿದವರು ರಾಮದುರ್ಗದ ನಿಜಗುಣಪ್ಪನವರು. ಮದುವೆಯ ಮರುದಿನ ರಿಸೆಪ್ಶನ್ ಆಗಲಿ, ಬಂದವರು ಬಾಯಿಬಿಟ್ಟು ನೋಡುವಂಥದ್ದು ಏನಾದರೂ ಇರಲಿ ಎಂದು ಬೀಗರು ಆಸೆಪಟ್ಟಿದ್ದರು. ಮುನವಳ್ಳಿಯಲ್ಲಿ ಪರಸಪ್ಪನ ಆಟ ನೋಡಿ ಬಂದಿದ್ದ ಮಾಳಪ್ಪ, ಯಾರನ್ನೂ ಕೇಳದೆ ವೀಳ್ಯ ಕೊಟ್ಟುಬಿಟ್ಟಿದ್ದ. ಪರಸಪ್ಪ ವಾರವೆಲ್ಲ ಅಲ್ಲೇ ಹತ್ತಿರದ ನವಿಲುತೀರ್ಥದ ಡ್ಯಾಮಿನ ಗೇಟಿಗೆ ಗ್ರೀಸು ಹಚ್ಚುವವನು. ರಜೆಯ ದಿನ ಮಾತ್ರ ಪ್ರೊಫೆಸರ್.

ಅಪ್ಪ ಅವ್ವ ಇಲ್ಲದ ಮನೆ. ತಂಗಿಯನ್ನು ಸಾಕಿದವಳು ಸಾವಂತ್ರೆವ್ವ. ಅವಳ ಒಪ್ಪಿಗೆ ಇಲ್ಲದೆ ಒಂದು ಆಟವೂ ನಡೆಯುವುದಿಲ್ಲ ಎಂದು ತೀರ್ಮಾನವಾಯಿತು. ಭಾನುವಾರ ಪರಸಪ್ಪ ಪಟ್ಟಿ ಹಿಡಿದು ಬಂದ.

"ಮೊದಲನೇದು, ಹೆಂಗಸನ್ನ ಪೆಟಿಗ್ಯಾಗ ಹಾಕಿ ಗರಗಸದಿಂದ ಎರಡು ತುಂಡು..."

"ಮದುವಿ ಮನ್ಯಾಗ? ಅದನ್ನ ಹೊಡದ ಹಾಕ್ರಿ."

"ಕರಿ ಅರಿವಿ ಹಾಸಿ ಪಾರಿವಾಳ ಮಾಯ ಮಾಡೂದು?"

"ಕರಿದು ಹಂದರದಾಗ ಬ್ಯಾಡ. ಹಸರ ಅರಿವಿ ನಾನ ಹೊಲದು ಕೊಡತೇನಿ."

"ಖಾಲಿ ಕೊಡದಾಗ ನೀರು ಬರಸೂದು?"

"ಮದುಮಗಳ ಮುಂದ ಖಾಲಿ ಕೊಡಾ ಹಿಡೀತೀರೇನು? ತುಂಬಿದ್ದು ತೋರಸ್ರಿ."

"ತುಂಬಿದ ಕೊಡದಾಗ ನೀರು ಬಂದ್ರ ಅದ್ರಾಗ ಜಾದೂ ಎಲ್ಲಿ ಬಂತ್ರಿ, ಬಾಯಾರ?"

ಸಾವಂತ್ರೆವ್ವನಿಗೆ ನಗು ಉಕ್ಕಿತು. ಸೆರಗು ಬಾಯಿಗೆ ಒತ್ತಿಕೊಂಡು ನುಂಗಿದಳು. ಅವನು ನೋಡಿಬಿಟ್ಟ... ಕಂಡರೂ ಕಾಣದವನಂತೆ ಪಟ್ಟಿಯಲ್ಲಿ ಗೆರೆ ಎಳೆದ.

ಹೀಗೆ ಮೂರು ಸಲ ಬಂದ. ಮೂರನೆಯ ಸಲಕ್ಕೆ ಮುನವಳ್ಳಿ ಕಡೆಯ ಬಸ್ಸಿನ ಹೊತ್ತು ಅವಳಿಗೆ ಬಾಯಿಪಾಠವಾಗಿತ್ತು. ಹಾಗಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಕೊನೆಗೆ ಪಟ್ಟಿಯಲ್ಲಿ ಗಟ್ಟಿಯಾಗಿ ಉಳಿದದ್ದು ಉಂಗುರದ ಆಟ.

"ಮದುಮಗಳ ಬೆರಳಿಂದ ಉಂಗುರ ಇಸಗೊಂಡು, ಕಲ್ಲಿನ ಮ್ಯಾಲಿಟ್ಟು ಸುತಗಿಲೆ ಕುಟ್ಟಿ ಚಪ್ಪಟ ಮಾಡತೇನಿ. ಆಮ್ಯಾಲ ಮದುಮಗನ ತಲಿ ಮ್ಯಾಲಿನ ಪಟಗಾದಾಗಿಂದ ಅದ ಉಂಗುರ, ಇದ್ದದ್ದು ಇದ್ದಂಗ ತಗದು ಕೊಡತೇನಿ."

ಸಾವಂತ್ರೆವ್ವ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

ಆ ಉಂಗುರ ನಿಜಗುಣಪ್ಪನವರ ತಾಯಿಯದು. ಮಾವಿನಕಾಯಿ ಚಿತ್ತಾರ, ನಡುವೆ ಕೆಂಪು ಹರಳು. ನಿಶ್ಚಯದ ದಿನ ತೊಡಿಸಿದ್ದರು. ಅದಕ್ಕೆ ಏನಾದರೂ ಆದರೆ ತಂಗಿ ಬದುಕಿರುವವರೆಗೆ ರಾಮದುರ್ಗದಲ್ಲಿ ಮಾತು ಕೇಳಬೇಕು.

"ಕುಟ್ಟಿದ್ದು ಮತ್ತ ಹೆಂಗ ಸರಿ ಆಗತೈತಿ? ಹೇಳ್ರಿ."

"ಹೇಳಿದ್ರ ಆಟ ಉಳಿಯೂದಿಲ್ರಿ. ನನ್ನ ನಂಬ್ರಿ."

ನಂಬಿ... ಎಂಟು ವರ್ಷದ ಹಿಂದೆ ಬಂಗಾರ ಪಾಲಿಶ್ ಮಾಡುವವನೊಬ್ಬ ಕಟ್ಟೆಗೆ ಕುಳಿತು ಇದೇ ಮಾತು ಹೇಳಿದ್ದ. ಇಷ್ಟೇ ಚೆಂದ ನಕ್ಕಿದ್ದ. ಅವನು ಹೋದ ಮೇಲೆ ಅವ್ವನ ಕೈಯಲ್ಲಿ ಉಳಿದದ್ದು ಸವೆದು ತೆಳ್ಳಗಾದ ಪಾಟಲಿ ಬಳೆ. ಅವ್ವ ಅದನ್ನೇ ಹೇಳಿಕೊಳ್ಳುತ್ತ ತೀರಿಕೊಂಡಳು.

ಪರಸಪ್ಪ ಉಂಗುರ ನೋಡಲು ಕೇಳಿದ. ಬಾಯವ್ವ ಕೊಟ್ಟಳು. ತಿರುಗಿಸಿ ಮುರುಗಿಸಿ ನೋಡಿದ, ನೆಲದ ಮೇಲಿನ ದಾರದ ತುಂಡೊಂದನ್ನು ಎತ್ತಿ ಅದಕ್ಕೆ ಸುತ್ತಿದ, ಉಂಗುರ ವಾಪಸ್ ಕೊಟ್ಟು ದಾರವನ್ನು ಕಿಸೆಗೆ ಹಾಕಿಕೊಂಡ. ಅಳತೆ ತೆಗೆಯುವ ಕೈ ದರ್ಜಿಗೆ ಗೊತ್ತಾಗದೆ ಇರುತ್ತದೆಯೇ?

ಮದುವೆಗೆ ಎರಡು ದಿನ ಇರುವಾಗ ಕಾಲುಂಗುರ ತರಲು ಅವಳು ಪತ್ತಾರನ ಅಂಗಡಿಗೆ ಹೋದಳು. ಅಲ್ಲಿ ಕೆಂಪು ಅರಿವೆಯ ಮೇಲೆ ಬಾಯವ್ವನ ಉಂಗುರ ಹೊಳೆಯುತ್ತಿತ್ತು!

"ಇದು ಇಲ್ಲಿಗೆ ಹೆಂಗ ಬಂತ್ರಿ?"

ಪತ್ತಾರ ಹಲ್ಲು ಬಿಟ್ಟ. "ನೀನೂ ಮೋಸ ಹೋದಿ ನೋಡವಾ. ಹಿತ್ತಾಳಿದು ಅದು. ಡ್ಯಾಮಿನ ಪರಸಪ್ಪ ಮಾಡಸ್ಯಾನ. ಒಂದ ಸಾಕು ಅಂದಾನ."

ಅಲ್ಲಿಂದ ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಅಳು ಬಂದದ್ದು ಉಂಗುರಕ್ಕಲ್ಲ. ಹಿತ್ತಾಳೆಯದನ್ನು ಕೊಟ್ಟು ಬಂಗಾರದ್ದನ್ನು ನುಂಗುವವನು, ಇವನೂ ಅಂಥವನೇ... ನಾನೂ ಅವ್ವನಂತೆಯೇ ಮರುಳಾದೆನಲ್ಲ!

ಕಾಕಾನಿಗೆ ಹೇಳಿದರೆ ಆಟ ನಿಲ್ಲುತ್ತದೆ. ಮದುವೆಯ ಕಾರ್ಡಿನಲ್ಲಿ ಅಚ್ಚಾದದ್ದು ಯಾಕೆ ನಿಂತಿತೆಂದು ಬೀಗರು ಕೇಳಿದರೆ? ಕಳ್ಳನನ್ನು ಕರೆಸಿದ್ದೆವು ಎನ್ನಬೇಕೇ?

ರಿಸೆಪ್ಶನ್ ದಿನ ಬೆಳಿಗ್ಗೆ ಪರಸಪ್ಪ ಇಸ್ತ್ರಿಗೆಂದು ಕೋಟು ಕೊಟ್ಟು ಹೋದ. ಸಾವಂತ್ರೆವ್ವ ಸೂಜಿ ಪೋಣಿಸಿದಳು. ತಾನೇ ಹೊಲಿದ ಕಾಣದ ಕಿಸೆಯ ಬಾಯಿಯನ್ನು ಕಾಣದ ಹೊಲಿಗೆಯಲ್ಲಿ ಮುಚ್ಚಿದಳು. ಬಂಗಾರ ಎಲ್ಲಿ ಅಡಗಿಸುತ್ತೀ, ಅಡಗಿಸು ನೋಡೋಣ.

ಸಂಜೆ ಐದಕ್ಕೆ ಹಂದರ ತುಂಬಿತು. ಹಸಿರು ಅರಿವೆಯಿಂದ ಪಾರಿವಾಳ ಹಾರಿದಾಗ ನಿಜಗುಣಪ್ಪನವರೇ ಎದ್ದುನಿಂತು ಚಪ್ಪಾಳೆ ಹೊಡೆದರು. ಆಮೇಲೆ ಉಂಗುರ...

ಪರಸಪ್ಪ ಅದನ್ನು ಕರವಸ್ತ್ರದಲ್ಲಿ ಸುತ್ತಿ ಕಲ್ಲಿನ ಮೇಲೆ ಇಟ್ಟ. ಬಲಗೈಯಲ್ಲಿ ಸುತ್ತಿಗೆ ಎತ್ತಿದ. ಎಡಗೈ ಕೋಟಿನೊಳಗೆ ಸರಿಯಿತು. ಅಲ್ಲೇ ತಡವರಿಸಿತು.

ಠಣ್!

ಸುತ್ತಿಗೆ ಇನ್ನೂ ಇಳಿದಿರಲಿಲ್ಲ; ಕೋಟಿನೊಳಗಿಂದ ಜಾರಿದ ಮಾವಿನಕಾಯಿ ಚಿತ್ತಾರದ ಉಂಗುರ ಸ್ಟೇಜಿನ ಹಲಗೆಯ ಮೇಲೆ ಉರುಳಿ, ಕೆಳಗೆ ಬಿದ್ದು, ನಿಜಗುಣಪ್ಪನವರ ಕಾಲ ಬಳಿ ನಿಂತಿತು. ಅವರು ಎತ್ತಿಕೊಂಡರು. ಮೇಲೆ ಹತ್ತಿ ಕರವಸ್ತ್ರ ಬಿಚ್ಚಿದರು. ಅದರೊಳಗೂ ಒಂದು ಉಂಗುರ, ಹರಳಿನ ಬದಲು ಗಾಜಿನದು.

"ಎರಡು ಅದಾವು. ಒಂದು ಖೊಟ್ಟಿ." ಅವರು ಪರಸಪ್ಪನ ಕಾಲರು ಹಿಡಿದರು. "ಮಾಳಪ್ಪ, ಎಂಥಾ ಕಳ್ಳನ್ನ ಕರಸೀರಿ?"

ಪರಸಪ್ಪನ ಬೆರಳು ಕಿಸೆಯ ಬಾಯಿಯ ಹೊಲಿಗೆಯನ್ನು ಸವರಿ ನೋಡಿತು. ಒಮ್ಮೆ, ಒಮ್ಮೆ ಮಾತ್ರ, ಅವನು ಸಾವಂತ್ರೆವ್ವನತ್ತ ನೋಡಿದ. ನಂತರ ತಲೆ ತಗ್ಗಿಸಿದ.

"ತಪ್ಪು ನಂದ್ರಿ."

ಗೆದ್ದೆ ಎಂದುಕೊಳ್ಳಬೇಕಿತ್ತು ಅವಳು. ಆದರೆ ಕಣ್ಣು ಕಲ್ಲಿನ ಮೇಲೆಯೇ ನಿಂತಿತ್ತು. ಸುತ್ತಿಗೆಯ ಕೆಳಗಿದ್ದದ್ದು ಹಿತ್ತಾಳೆ. ಪತ್ತಾರ ಮಾಡಿದ್ದು ಒಂದೇ. ಅದನ್ನೇ ಎಲ್ಲರ ಎದುರು ಚಪ್ಪಟೆ ಮಾಡಿದ ಮೇಲೆ ಪಟಗಾದಿಂದ ತೆಗೆದುಕೊಡಲು ಇವನ ಬಳಿ ಉಳಿಯುವುದು ಏನು? ಬಂಗಾರದ್ದು ಮಾತ್ರ! ಪೆಟ್ಟು ಬೀಳಬಾರದೆಂದೇ ಅದನ್ನು ಮೆತ್ತನೆಯ ಕಿಸೆಯಲ್ಲಿ ಇಡಲು ಹೊರಟಿದ್ದ...

ಅಯ್ಯೋ, ನಾನೇನು ಮಾಡಿದೆ?

ಯಾರೋ ಪೊಲೀಸರ ಮಾತು ಎತ್ತಿದರು. ಸಾವಂತ್ರೆವ್ವ ಕಾಕಾನನ್ನು ದಾಟಿ ಸ್ಟೇಜು ಹತ್ತಿದಳು. ಸೊಂಟದ ಕತ್ತರಿ ತೆಗೆದು, ಅವನ ಕೋಟಿನ ಒಳಮೈ ಎಲ್ಲರಿಗೂ ಕಾಣುವಂತೆ ತಿರುಗಿಸಿ, ಹೊಲಿಗೆ ಬಿಚ್ಚಿದಳು.

"ಬಿಡ್ರಿ ಮಾಮಾರ. ಕುಟ್ಟೂದು ಹಿತ್ತಾಳಿದು, ನಿಮ್ಮ ಉಂಗುರ ಇದರಾಗ ಇರಬೇಕಾಗಿತ್ತು. ಕಿಸೆ ಹೊಲದಾಕಿ ನಾನು. ಕಳ್ಳ ಅಂತ ತಿಳದು ಇವರಿಗೆ ಹೇಳಲಾರದ ಅದರ ಬಾಯಿ ಹೊಲದು ಮುಚ್ಚಿದಾಕಿನೂ ನಾನ."

ನಿಜಗುಣಪ್ಪನವರು ಕಿಸೆಯೊಳಗೆ ಕೈ ಹಾಕಿ ನೋಡಿದರು, ಬಂಗಾರದ್ದನ್ನು ಸೊಸೆಗೆ, ಹಿತ್ತಾಳೆಯದನ್ನು ಪರಸಪ್ಪನಿಗೆ ಕೊಟ್ಟರು. "ಅಕ್ಕ ಉಂಗುರ ಇಷ್ಟು ಕಾದಾಳಂದ್ರ, ತಂಗಿ ನಮ್ಮ ಮನಿ ಕಾಯತಾಳ ಬಿಡ್ರಿ," ಎಂದು ನಕ್ಕರು. ಎಲ್ಲರೂ ನಕ್ಕರು. ಪರಸಪ್ಪ ನಗಲಿಲ್ಲ. ಪೆಟ್ಟಿಗೆ ಎತ್ತಿಕೊಂಡು, ಊಟಕ್ಕೂ ನಿಲ್ಲದೆ ಹೊರಟುಹೋದ.

ಮುಂದೆ ಎರಡು ಭಾನುವಾರ ಬಂದವು. ಗಿರಾಕಿಯ ಕೋಟನ್ನೇ ಕೆಡಿಸಿದವಳೆಂದು ಮೂರು ಮಂದಿ ಅರಿವೆ ವಾಪಸ್ ಒಯ್ದರು. ಅದು ಅವಳನ್ನು ಅಷ್ಟು ಸುಡಲಿಲ್ಲ. ಮುನವಳ್ಳಿ ಬಸ್ಸು ಬಂದು ಬಂದು ಹೋಗುತ್ತಿತ್ತು, ಅದು ಸುಟ್ಟಿತು.

ಮೂರನೆಯ ಭಾನುವಾರ ಬಾಗಿಲಲ್ಲಿ ನೆರಳು ಬಿತ್ತು.

"ಕಿಸೆ ಅರ್ಧ ಹರದೈತ್ರಿ. ಸರಿ ಮಾಡಿ ಕೊಡತೀರೇನು?"

ಸಾವಂತ್ರೆವ್ವ ಕೋಟು ಇಸಿದುಕೊಂಡಳು. ಸೂಜಿಯ ಕಣ್ಣು ಕಾಣದಷ್ಟು ನೀರು ತುಂಬಿತ್ತು.

"ಆವತ್ತ ಯಾಕ ನನ್ನ ಹೆಸರು ಹೇಳಲಿಲ್ಲ?"

"ಹೇಳಿದ್ರ ನಾಳೆ ನಿಮ್ಮ ಕೈಯಾಗ ಅರಿವಿ ಯಾರು ಕೊಡತಿದ್ರು?" ಅವನ ದನಿ ತಗ್ಗಿತು. "ಆಟಕ್ಕ ಮದಲ ಕಿಸೆ ತಡವಿ ನೋಡೂದು ನನ್ನ ರೂಢಿ. ಆ ದಿನ ಒಂದ ನೋಡಲಿಲ್ಲ. ನೀವು ಹೊಲದದ್ದು ಅಂತ ನಂಬಿದ್ದೆ..."

ಆ ಮಾತಿಗೆ ಅವಳು ಮುಖ ಮುಚ್ಚಿಕೊಂಡಳು. "ನನ್ನ ತಪ್ಪಾತು. ನಿಮ್ಮನ್ನ ಬ್ಯಾರೆ ಯಾರದೋ ಲೆಕ್ಕಕ್ಕ ಹಿಡದೆ."

ಪರಸಪ್ಪ ಮೇಜಿನ ಮೇಲೆ ಏನನ್ನೋ ಇಟ್ಟ. ಹಿತ್ತಾಳೆಯ ಉಂಗುರ. ಮಾವಿನಕಾಯಿ ಚಿತ್ತಾರ, ಕೆಂಪು ಗಾಜು.

"ಪೆಟ್ಟು ತಿನ್ನಬೇಕಾಗಿದ್ದು ಇದು. ನಿಮ್ಮಿಂದ ಉಳೀತು. ಎಲ್ಲಿ ಇಡಬೇಕೋ ತಿಳೀವಲ್ದು... ನಿಮ್ಮ ಬೆರಳಿಗೆ ಹಿಡಸತೈತೇನು ನೋಡ್ರಿ."

ಅವಳು ತಲೆ ಎತ್ತಿದಳು. ಅವನ ಮುಖದಲ್ಲಿ ಆ ನಗು ಇರಲಿಲ್ಲ. ಹೆದರಿಕೆ ಇತ್ತು.

"ಬಂಗಾರದ್ದು ಮಾಡಸತೇನಿ, ಸಾವಂತ್ರಿ. ಸುಗ್ಗ್ಯಾಗ ಆಟದ ರೊಕ್ಕ ಬರ್ಲಿ."

ಅವಳು ಉಂಗುರ ತೆಗೆದುಕೊಂಡು ತಾನೇ ತೊಟ್ಟುಕೊಂಡಳು. ಕೊಂಚ ಸಡಿಲವಿತ್ತು. ಬೆರಳು ಮಡಚಿ ಹಿಡಿದಳು.

"ಬ್ಯಾಡ್ರಿ," ಎಂದಳು. "ಇದ ಇರ್ಲಿ. ಇದು ಹಿತ್ತಾಳಿ ಅಂತ ನನಗ ಗೊತ್ತೈತಿ. ಕೊಟ್ಟಾವರು ಏನು ಅಂತನೂ ಗೊತ್ತಾತು."