ಹೆಡ್‌ಫೋನಿಗೆ ಮಾತ್ರ

2025ರ ಜನವರಿ 12, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತುಮಕೂರಿನ ಟೌನ್‌ಹಾಲ್ ಸರ್ಕಲ್ ಹತ್ತಿರ, ಮಹಡಿ ಮೇಲಿನ ಅಂಗಡಿಯೊಂದರಲ್ಲಿ ರವೀಶ್, ಹಾಡಿಗೆ ಹಾಡು ಬೆಸೆಯುವ ಮೂರು ಡಿಜೆ ಕಂಟ್ರೋಲರ್‌ಗಳ ಮುಂದೆ ನಿಂತು ಬೆವರುತ್ತಿದ್ದ. ಚಳಿಗೆ ಅಂಗಡಿಯ ಚನ್ನೇಶ್ ಸ್ವೆಟರ್ ಹಾಕಿಕೊಂಡಿದ್ದ.

ಬೆವರಿಗೆ ಕಾರಣ ಕಂಟ್ರೋಲರ್‌ಗಳಲ್ಲ. ರವೀಶನ ಬಲಗಡೆ, ಮೊಣಕೈ ತಾಗಿಯೂ ತಾಗದಷ್ಟು ದೂರದಲ್ಲಿ, ಭೂಮಿಕಾ ನಿಂತಿದ್ದಳು. ಹೆಡ್‌ಫೋನಿನ ಒಂದು ಬಟ್ಟಲನ್ನು ಎಡಗಿವಿಗೆ ಒತ್ತಿಕೊಂಡು, ಇನ್ನೊಂದನ್ನು ಜಡೆಯ ಮೇಲಕ್ಕೆ ಸರಿಸಿ, ಕಣ್ಣು ಅರ್ಧ ಮುಚ್ಚಿ ಏನನ್ನೋ ಕೇಳುತ್ತಿದ್ದಳು. ಕೇಳುವಾಗ ಅವಳ ಕೆಳತುಟಿ ಒಂದಿಷ್ಟು ಒಳಕ್ಕೆ ಹೋಗುತ್ತಿತ್ತು. ಅದನ್ನು ನೋಡಬಾರದು ಎಂದು ಅವನು ಗಾಜಿನ ಕೌಂಟರಿನ ಗೀರುಗಳನ್ನು ನೋಡುತ್ತಿದ್ದ.

"ಹೇಳಿ ಸರ್. ಯಾವ್ದು?" ಎಂದಳು ಅವಳು.

ಅವನು ಅವಳಿಗೆ ಯಾವತ್ತೂ ಪಾಠ ಹೇಳಿದವನಲ್ಲ. ಎಲೆಕ್ಟ್ರಾನಿಕ್ಸ್ ಓದಿ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ರಜೆಯಲ್ಲಿ ತುಮಕೂರಿನ ಸದಾಶಿವನಗರದ ಮನೆಯ ಮಹಡಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ. ಒಂದು ವರ್ಷದ ಹಿಂದೆ, ಗುಬ್ಬಿಯಲ್ಲಿ ಶಾಮಿಯಾನ, ಸೌಂಡ್ಸ್ ಇಟ್ಟಿರುವ ಬೆಟ್ಟಯ್ಯ ಸುಟ್ಟುಹೋದ ಆಂಪ್ಲಿಫೈಯರೊಂದನ್ನು ಹೊತ್ತು ತಂದಿದ್ದರು. ಜೊತೆಯಲ್ಲಿ ಬಂದ ಮಗಳು ಭೂಮಿಕಾ, ಇದು ಯಾಕೆ ಸುಟ್ಟಿತು ಅಂತ ತನಗೆ ಅರ್ಥವಾಗುವ ಹಾಗೆ ಹೇಳಿದರೆ ಮಾತ್ರ ರಿಪೇರಿ ಮಾಡಿಸುತ್ತೇವೆ ಎಂದಿದ್ದಳು. ಅವನು ಮುಕ್ಕಾಲು ಗಂಟೆ ಹೇಳಿದ್ದ. ಅವಳು ಮುಕ್ಕಾಲು ಗಂಟೆ ಕೇಳಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಅವನು 'ಸರ್'. ಹಾಗೆ ಕರೆಯುವಾಗಲೆಲ್ಲ ಅವಳ ಕಣ್ಣಿನ ಅಂಚಿನಲ್ಲಿ ಗೌರವ ಬಿಟ್ಟು ಉಳಿದದ್ದೆಲ್ಲ ಇರುತ್ತಿತ್ತು.

ಭೂಮಿಕಾ ಗುಬ್ಬಿಯ ಸಹಕಾರ ಸಂಘದಲ್ಲಿ ನೌಕರಿಯಲ್ಲಿದ್ದಳು. ಮನೆ ಫಂಕ್ಷನ್‌ಗಳಲ್ಲಿ ತಾನೇ ಡಿಜೆ ಆಗಬೇಕೆಂಬುದು ಅವಳ ಆಸೆ. ಪೆನ್ ಡ್ರೈವ್ ಚುಚ್ಚಿದರೆ ಹಾಡು ತಾನೇ ಬರುತ್ತದೆ, ಅದಕ್ಕೊಂದು ಪೆಟ್ಟಿಗೆ ಯಾಕೆ ಎಂಬುದು ಅಪ್ಪನ ವಾದ. ಕೊನೆಗೆ ಬೆಟ್ಟಯ್ಯ ಒಂದೇ ಒಂದು ಕಾರ್ಯಕ್ರಮ ಬಿಟ್ಟುಕೊಟ್ಟಿದ್ದರು: ಫೆಬ್ರುವರಿ 9, ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿ ಒಂದು ಅರಿಶಿನ ಶಾಸ್ತ್ರ. ಅಲ್ಲಿ ಒಂದು ಎಡವಟ್ಟಾದರೂ ಪೆಟ್ಟಿಗೆ ವಾಪಸ್ ಅಂಗಡಿಗೆ, ಮಗಳು ವಾಪಸ್ ಆಫೀಸಿಗೆ.

ಅದಕ್ಕೇ ರವೀಶನಿಗೆ ಭಯ. ತಾನು ಆರಿಸಿಕೊಟ್ಟ ಪೆಟ್ಟಿಗೆ ಕೈಕೊಟ್ಟರೆ?

ಮೊದಲನೆಯದು ಪುಟ್ಟದು, ಚೆಂದದ್ದು. ಆದರೆ ಅದರೊಳಗೆ ಸೌಂಡ್ ಕಾರ್ಡ್ ಇರಲಿಲ್ಲ. ಜನರಿಗೊಂದು ಸದ್ದು, ಹೆಡ್‌ಫೋನಿಗೊಂದು ಸದ್ದು ಬೇಕೆಂದರೆ ಕವಲು ವೈರು ಹಾಕಬೇಕು. ಅದು ಅದಲುಬದಲಾದರೆ ಹೆಡ್‌ಫೋನಿನದು ಊರಿಗೆಲ್ಲ ಕೇಳುತ್ತದೆ. ಮೂರನೆಯದಕ್ಕೆ ನಾಲ್ಕು ಚಾನೆಲ್, ಮೈ ತುಂಬ ಬಟನ್. ನಡುವಿನದಕ್ಕೆ ಎರಡೇ ಚಾನೆಲ್, ಒಳಗೇ ಸೌಂಡ್ ಕಾರ್ಡ್. ಕಂಟ್ರೋಲರ್ ಜೋಡಿಸಿದರೆ ಸಾಫ್ಟ್‌ವೇರ್ ತಾನೇ ತೆರೆದುಕೊಳ್ಳುತ್ತದೆ, ತಿಂಗಳು ತಿಂಗಳು ಕಟ್ಟುವ ಗೋಜಿಲ್ಲ. ಕೊತ್ತಗೆರೆಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಹಾಡುಗಳೆಲ್ಲ ಲ್ಯಾಪ್‌ಟಾಪಿನೊಳಗೇ ಇರಲಿ ಎಂದ. ಪ್ಯಾಡ್ ಒತ್ತಿದ್ದಕ್ಕೂ ಸದ್ದು ಬರುವುದಕ್ಕೂ ನಡುವಿನ ತಡ ಎಷ್ಟು ಎಂದು ಮೂರರಲ್ಲೂ ಒತ್ತಿ ಒತ್ತಿ ನೋಡಿದ. ಮತ್ತೆ ಮೊದಲಿನಿಂದ ನೋಡಿದ.

"ನೀವು ಕಂಟ್ರೋಲರ್ ಆರಿಸ್ತಿದೀರೋ, ಹೆಣ್ಣು ನೋಡ್ತಿದೀರೋ?" ಎಂದಳು ಭೂಮಿಕಾ.

ಚನ್ನೇಶ್ ಮುಖ ತಿರುಗಿಸಿಕೊಂಡು ನಕ್ಕ. ರವೀಶ್ ತಲೆ ಎತ್ತದೆ ನಡುವಿನದರ ಮೇಲೆ ಕೈ ಇಟ್ಟ. ಅವಳೂ ಅದೇ ಹೊತ್ತಿಗೆ ಅದರ ಮೇಲೇ ಕೈ ಇಟ್ಟಳು. ಇಬ್ಬರೂ ಕೈ ತೆಗೆದದ್ದು ಮಾತ್ರ ಒಂದೇ ಹೊತ್ತಿಗಲ್ಲ. ಅವಳು ಸ್ವಲ್ಪ ನಿಧಾನಿಸಿದಳು.

ಮುಂದಿನ ಭಾನುವಾರಗಳಲ್ಲಿ ಅವಳು ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ರವೀಶನ ಮನೆಯ ಮಹಡಿಯ ಮೇಲೆ ಕಲಿತಳು. ಕ್ಯೂ ಬಟನ್ ಯಾಕಿದೆ ಎಂದು ಕೇಳಿದ ದಿನ ಅವನು, ಅಡುಗೆಯವರು ಸಾರನ್ನು ಪಂಕ್ತಿಗೆ ಬಿಡುವ ಮುಂಚೆ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕುವುದಿಲ್ಲವೇ, ಹಾಗೆ, ಎಂದ. ಹಾಡು ಮೊದಲು ಹೆಡ್‌ಫೋನಿಗೆ, ಆಮೇಲೆ ಊರಿಗೆ. ಅವಳು ಆಮೇಲಿಂದ ಕ್ಯೂ ಒತ್ತುವಾಗೆಲ್ಲ ಅಂಗೈ ನೆಕ್ಕುವ ನಟನೆ ಮಾಡಿ ಅವನನ್ನು ನೋಡುತ್ತಿದ್ದಳು. ಅವನಿಗೆ ಆ ವಾರವಿಡೀ ಊಟ ಸೇರಲಿಲ್ಲ.

ಹೇಳಬೇಕು ಎಂದುಕೊಂಡ. ಕಂಟ್ರೋಲರಿನ ತಡ ಸೆಕೆಂಡಿನ ನೂರನೇ ಒಂದು ಪಾಲು. ಅವನದು ಒಂದು ವರ್ಷ. ಎದುರಿಗೆ ನಿಂತು ಹೇಳುವುದು ಆಗದ ಮಾತು. ಇನ್ನೊಂದು ದಾರಿ ಹೊಳೆಯಿತು. ಕಾರ್ಯಕ್ರಮದ ದಿನ ಮನೆ ಬಿಡುವ ಮುಂಚೆ ಹೆಡ್‌ಫೋನ್ ಟೆಸ್ಟ್ ಮಾಡಬೇಕೆಂದು ಅವನೇ ಹೇಳಿಕೊಟ್ಟಿದ್ದ. ಆ ಟೆಸ್ಟ್ ಫೈಲಿನಲ್ಲೇ ಹೇಳಿದರೆ?

ಶುಕ್ರವಾರ ಸಂಜೆ, ಹುಡುಗರೆಲ್ಲ ಹೋದ ಮೇಲೆ, ಲ್ಯಾಬಿನಲ್ಲಿ ಮೈಕ್ ಇಟ್ಟುಕೊಂಡು ಮಾತಾಡಿದ. ಹಿಂದೆ ಫ್ಯಾನು ಗುಂಯ್ ಎನ್ನುತ್ತಿತ್ತು. ಅದು ಅವಳ ಕಿವಿಗೆ ಹಿಂಸೆಯಾಗಬಾರದೆಂದು, ಒಂದು ಮಟ್ಟಕ್ಕಿಂತ ಮೆಲ್ಲಗಿರುವ ಸದ್ದನ್ನೆಲ್ಲ ಅಳಿಸುವ ಫಿಲ್ಟರ್ ಹಾಕಿದ. ಮತ್ತೆ ಕೇಳಿ ನೋಡಲಿಲ್ಲ. ತನ್ನ ದನಿಯನ್ನು ತಾನೇ ಕೇಳುವ ಧೈರ್ಯ ಅವನಿಗಿರಲಿಲ್ಲ. ಅವಳ ಕಣ್ಣಿಗೆ ತಪ್ಪದೆ ಬೀಳಲಿ ಎಂದು ಹೆಸರಿನ ಮುಂದೆ ಎರಡು ಸೊನ್ನೆ ಸೇರಿಸಿ, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಮಾಡಿದ: '00 ಹೆಡ್‌ಫೋನಿಗೆ ಮಾತ್ರ'. ಶನಿವಾರ ಲ್ಯಾಪ್‌ಟಾಪ್ ಮತ್ತು ಸದ್ದು ಅಳೆಯುವ ಮೀಟರನ್ನು ಅವಳಿಗೆ ಒಪ್ಪಿಸುವಾಗ, ನಾಳೆ ತನಗೆ ಬೇರೆ ಕೆಲಸವಿದೆ, ಕೊತ್ತಗೆರೆಗೆ ಬರಲಾಗುವುದಿಲ್ಲ ಎಂದ. ಕೆಲಸವೇನೂ ಇರಲಿಲ್ಲ.

"ನನ್ ಫಸ್ಟ್ ಶೋಗೆ ಮಾಸ್ತರೇ ಗೈರುಹಾಜರು," ಎಂದಳು ಅವಳು. ಈ ಸಲ ಕಣ್ಣಿನ ಅಂಚಿನಲ್ಲಿ ನಗು ಇರಲಿಲ್ಲ.

ಭಾನುವಾರ ಬೆಳಿಗ್ಗೆ ರವೀಶ್ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ. ಅವನ ತಾಯಿ ಶಕುಂತಲಮ್ಮ ಅವರೆಕಾಯಿ ಬಿಡಿಸುತ್ತ ಮೊಬೈಲಿನಲ್ಲಿ ಪ್ರವಚನ ಕೇಳುತ್ತಿದ್ದರು. ಪ್ರವಚನ ಮುಗಿಯಿತು. ಯಾರೂ ಮುಟ್ಟಲಿಲ್ಲ; ಇನ್ನೊಂದು ತಾನಾಗಿಯೇ ಶುರುವಾಯಿತು.

ಲೋಟ ಅವನ ಕೈಯಲ್ಲೇ ನಿಂತಿತು.

ಮೊದಲ ಸಲ ನುಡಿಸುವವಳು, ಗಾಬರಿಯಲ್ಲಿ ಮುಂದಿನ ಹಾಡು ಹಾಕುವುದನ್ನು ಮರೆತರೆ ಚಪ್ಪರದಲ್ಲಿ ಮೌನ ಬೀಳಬಾರದು ಎಂದು, ಸಾಫ್ಟ್‌ವೇರಿನಲ್ಲಿ ಅವನೇ ಆಟೋ ಆನ್ ಮಾಡಿದ್ದ. ಹಾಡು ಮುಗಿದು ಮುಂದಿನದು ಇಲ್ಲದಿದ್ದರೆ ಅದು ತಾನಾಗಿ ಒಂದು ಫೈಲ್ ಎತ್ತಿಕೊಳ್ಳುತ್ತದೆ. ಪಟ್ಟಿಯ ಮೊದಲನೆಯದನ್ನು. ಹೆಡ್‌ಫೋನಿಗಲ್ಲ, ಊರಿಗೆ.

ಅವಳಿಗೆ ಫೋನ್ ಮಾಡಿದ. ಹೋಗಲಿಲ್ಲ. ಸ್ಪೀಕರಿನಲ್ಲಿ ಕಿರಿಕಿರಿ ಬರದಿರಲು ಫೋನ್ ಫ್ಲೈಟ್ ಮೋಡಿಗೆ ಹಾಕಬೇಕೆಂದು ಕಲಿಸಿದವನೂ ಅವನೇ. ಬೆಟ್ಟಯ್ಯನವರ ಫೋನು ರಿಂಗಾಗಿ ರಿಂಗಾಗಿ ನಿಂತಿತು.

ಕೊತ್ತಗೆರೆಯತ್ತ ಹೊರಟ ಬೈಕ್ ಹೆಬ್ಬೂರು ದಾಟುವಾಗ ಆ ಚಪ್ಪರ ಅವನ ಕಣ್ಣಿಗೆ ಕಟ್ಟಿತ್ತು. ಎರಡು ಮನೆತನದ ನೆಂಟರು, ನಡುವೆ ಬೆಟ್ಟಯ್ಯ, ನಾಲ್ಕು ದೊಡ್ಡ ಸ್ಪೀಕರಿನಲ್ಲಿ ತನ್ನ ನಡುಗುವ ದನಿ. ತನ್ನ ಮಾನ ಹೋದರೆ ಹೋಗಲಿ. ಅವಳು ಒಂದು ವರ್ಷದಿಂದ ಕಾದ ದಿನ ಹೋಗುತ್ತದೆ. ಎಡವಟ್ಟಾಗದಿರಲಿ ಎಂದು ತಾನಿಟ್ಟ ಒಂದೊಂದು ಎಚ್ಚರಿಕೆಯೂ ಸೇರಿಕೊಂಡು ಒಂದು ಎಡವಟ್ಟಿಗೆ ದಾರಿ ಮಾಡಿಕೊಟ್ಟಿದ್ದವು. ಕುಣಿಗಲ್ಲಿನ ಟ್ರಾಫಿಕ್ಕಿನಲ್ಲಿ ನಿಂತಾಗ ದೇವರಿಗೆ ಕೈಮುಗಿಯಲೂ ತೋಚದೆ, ಆಂಪ್ಲಿಫೈಯರ್ ಸುಟ್ಟುಹೋಗಲಪ್ಪ ಎಂದು ಬೇಡಿಕೊಂಡ. ತಕ್ಷಣ, ಹಾಗಾದರೂ ಅವಳ ಶೋ ಕೆಡುತ್ತದಲ್ಲ ಎಂದು ಹೊಳೆದು ಬೇಡಿಕೆ ವಾಪಸ್ ತೆಗೆದುಕೊಂಡ.

ಕೊತ್ತಗೆರೆಯ ಬೀದಿಯಲ್ಲಿ ಹಾಡು ದೂರಕ್ಕೇ ಕೇಳಿಸಿತು. ಹಾಡೇ, ತನ್ನ ದನಿಯಲ್ಲ. ಬೈಕ್ ನಿಲ್ಲಿಸಿ ಓಡಿದ.

ಚಪ್ಪರದೊಳಗೆ ಹಳದಿ ಸೀರೆಗಳ ಸಂತೆ. ಆಚೆ ತುದಿಯಲ್ಲಿ, ಕಂಟ್ರೋಲರಿನ ಹಿಂದೆ, ಹಳದಿ ಕುರ್ತಾದಲ್ಲಿ ಭೂಮಿಕಾ. ಎಡಗಿವಿಯ ಮೇಲೆ ಹೆಡ್‌ಫೋನು, ಕೆಳತುಟಿ ಒಳಕ್ಕೆ. ಅವನು ಕೈ ಎತ್ತಿದ, ಅವಳು ನೋಡಲಿಲ್ಲ. ಕುಣಿಯುವವರ ನಡುವೆ ನುಗ್ಗಲು ಹೋದರೆ ಯಾರೋ ಚಿಕ್ಕಮ್ಮ ಅವನನ್ನೂ ಕುಣಿಯುವವನೆಂದು ತಿಳಿದು ಕೈ ಹಿಡಿದು ಒಂದು ಸುತ್ತು ತಿರುಗಿಸಿ ಬಿಟ್ಟಳು.

ಅಷ್ಟರಲ್ಲಿ ಮದುಮಗಳನ್ನು ತಂದು ಮಣೆಯ ಮೇಲೆ ಕೂರಿಸಿದರು. ಭೂಮಿಕಾ ಅತ್ತ ನೋಡಿದಳು. ಹಾಡು ಕೊನೆಗೆ ಬಂತು. ಅವಳು ಮುಂದಿನದನ್ನು ಹಾಕಲಿಲ್ಲ. ಕೈಗಳನ್ನು ಕಂಟ್ರೋಲರಿನಿಂದ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು.

ಹಾಡು ನಿಂತಿತು. ಅವನು ಕಣ್ಣು ಮುಚ್ಚಿದ.

ಮೌನ. ಇಡೀ ಚಪ್ಪರ ಮೌನ. ಈಗ, ಇನ್ನೇನು ಈಗ.

ಎದ್ದ ದನಿ ಅವನದಲ್ಲ. ಎಂಬತ್ತು ದಾಟಿದ ಹೆಂಗಸಿನದು. ಮದುಮಗಳ ಅಜ್ಜಿ ಶಿವರುದ್ರಮ್ಮ, ಅರಿಶಿನದ ಬಟ್ಟಲಿಗೆ ಬೆರಳು ಅದ್ದಿ, ಮೈಕಿಲ್ಲದೆ ಸೋಬಾನೆ ಪದ ಎತ್ತಿಕೊಂಡಿದ್ದರು. ಮೊದಲ ಸಾಲಿಗೆ ನಾಲ್ಕು ಜನ ಸೊಲ್ಲು ಸೇರಿಸಿದರು. ಎರಡನೆಯದಕ್ಕೆ ಎಲ್ಲರೂ.

ಅವನು ಕಣ್ಣು ಬಿಟ್ಟ. ಭೂಮಿಕಾ ಅಜ್ಜಿಯ ತುಟಿಯನ್ನೇ ನೋಡುತ್ತ ಒಂದು ಬೆರಳಲ್ಲಿ ಪ್ಯಾಡ್ ತಟ್ಟುತ್ತಿದ್ದಳು. ಸಾಫ್ಟ್‌ವೇರಿನ ಲೆಕ್ಕಕ್ಕೆ ಸಿಕ್ಕುವ ಲಯವಲ್ಲ ಅದು. ಅಜ್ಜಿ ಉಸಿರಿಗೆ ನಿಂತರೆ ಅವಳ ಬೆರಳೂ ನಿಲ್ಲುತ್ತಿತ್ತು. ಮೂರನೆಯ ಸಾಲಿಗೆ ತಮಟೆಯ ಸಣ್ಣ ಪೆಟ್ಟೊಂದು ಪದದ ಅಡಿಗೆ ಬಂದು ಸೇರಿತು. ಯಾವಾಗ ಬಂತು ಎಂದು ಯಾರಿಗೂ ತಿಳಿಯದ ಹಾಗೆ. ಪದ ಮುಗಿಯುವ ಹೊತ್ತಿಗೆ ಅದೇ ಪೆಟ್ಟು ಬೆಳೆದು ಮುಂದಿನ ಹಾಡಾಗಿತ್ತು. ಆಂಪ್ಲಿಫೈಯರ್ ಹತ್ತಿರ ನಿಂತಿದ್ದ ಬೆಟ್ಟಯ್ಯ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಪಕ್ಕದಲ್ಲಿದ್ದವರಿಗೆ, "ನನ್ ಮಗ್ಳು ಕಣ್ರೀ," ಎಂದರು.

ರವೀಶ್ ಹೇಗೋ ಅವಳ ಪಕ್ಕ ತಲುಪಿದ.

"ಏನೋ ಕೆಲ್ಸ ಅಂದಿದ್ರಿ?" ಅವಳು ತಿರುಗದೆಯೇ ಕೇಳಿದಳು.

"ಆ ಲಿಸ್ಟಲ್ಲಿ, ಮೊದಲ್ನೇ ಫೈಲು... ಆಟೋ ಆನ್ ಇತ್ತು..."

"ಆಟೋನ ನಿನ್ನೇನೇ ತೆಗ್ದೆ. ಸೋಬಾನೆ ಹೇಳೋರ್ಗೆ ಜಾಗ ಬೇಡ್ವಾ? ಸುಮ್ನಿರೋದೂ ಒಂದ್ ಹಾಡೇ ಸರ್." ಸದ್ದು ಏರಿಳಿಸುವ ಫೇಡರನ್ನು ಒಂದಿಷ್ಟು ಮೇಲಕ್ಕೆ ಸರಿಸಿದಳು. "ಆ ಫೈಲ್ ಬೆಳಿಗ್ಗೆ ಕೇಳ್ದೆ. ನೀವೇ ಹೇಳ್ಕೊಟ್ಟ ಹಾಗೆ, ಹೆಡ್‌ಫೋನಲ್ಲಿ."

ಅವಳು ಹೆಡ್‌ಫೋನ್ ತೆಗೆದು, ಬಗ್ಗಿ ಎಂದು ಸನ್ನೆ ಮಾಡಿ, ಒಂದು ಬಟ್ಟಲನ್ನು ಅವನ ಕಿವಿಗಿಟ್ಟಳು. ಇನ್ನೊಂದನ್ನು ತಿರುಗಿಸಿ ತನ್ನ ಕಿವಿಗೆ. ಕ್ಯೂ ಒತ್ತಿದಳು. ಊರೆಲ್ಲ ಕುಣಿಯುತ್ತಿರುವಾಗ, ಅವನ ದನಿ ಇಬ್ಬರಿಗೆ ಮಾತ್ರ ಕೇಳಿಸಿತು.

"ಭೂಮಿಕಾ, ಇದು ಟೆಸ್ಟ್. ಎಡಗಡೆ ಕೇಳ್ಸಿದ್ರೆ ಬಲಗಡೆನೂ ನೋಡ್ಕೊಳಿ. ಒಂದ್ ವರ್ಷದಿಂದ ನಿಮ್ಮಪ್ಪನ ಆಂಪ್ಲಿಫೈಯರ್‌ಗಳೆಲ್ಲ ಸರಿಯಾಗೇ ಇದಾವೆ. ಆದ್ರೂ ಸರ್ವಿಸ್ ಮಾಡ್ಬೇಕು ಅಂತ ನಾನೇ ಕರೀತಿದ್ದೆ. ಯಾಕಂದ್ರೆ..."

ಆಮೇಲೆ ಏನೂ ಇಲ್ಲ. ಫ್ಯಾನಿನ ಸದ್ದೂ ಇಲ್ಲ. ಬಹಳ ಹೊತ್ತಿನ ನಂತರ, "ಅಷ್ಟೇ. ಥ್ಯಾಂಕ್ಯೂ."

"ವಾಲ್ಯೂಮ್ ಪೂರ್ತಿ ಇಟ್ಟು ಕೇಳ್ದೆ," ಎಂದಳು. "ಗುಬ್ಬಿಯಿಂದ ಇಲ್ಲೀವರ್ಗೂ ಅದೇ ಯೋಚ್ನೆ. ಯಾಕಂದ್ರೆ, ಏನು?"

ಅವನಿಗೆ ಅರ್ಥವಾಯಿತು. ಅಷ್ಟು ಹೊತ್ತು ಧೈರ್ಯ ಕೂಡಿಸಿ ಹೇಳಿದ ಮಾತು ಫ್ಯಾನಿಗಿಂತ ಮೆಲ್ಲಗಿತ್ತು. ಫಿಲ್ಟರ್ ಅದನ್ನೂ ಗಲಾಟೆಯೆಂದು ತಿಳಿದು ಅಳಿಸಿಬಿಟ್ಟಿತ್ತು. ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲು ಶುರುಮಾಡಿದ.

"ಫಿಲ್ಟರ್ ಬುಡಿ. ಬಾಯಲ್ಲಿ ಹೇಳಿ."

"ಇಷ್ಟ್ ಸೌಂಡಲ್ಲಿ ಹೇಳೋದಾ?"

"ಇಷ್ಟ್ ಸೌಂಡಲ್ಲೇ. ಮುಂದಿನ ಹಾಡ್ ಹಾಕೋಕೆ ಇನ್ನೂ ಸ್ವಲ್ಪ ಟೈಮಿದೆ. ಆಮೇಲೆ ನನ್ ಕೈ ಖಾಲಿ ಇರಲ್ಲ."

ಅವಳು ಅವನನ್ನೇ ನೋಡುತ್ತಿದ್ದಳು. ತಮಾಷೆಯ ಹಿಂದೆ, ಅವಳ ಬೆರಳು ಹೆಡ್‌ಫೋನಿನ ವೈರನ್ನು ಸುತ್ತುತ್ತ ಬಿಚ್ಚುತ್ತ ಇದ್ದುದನ್ನು ಅವನು ಆಗ ಕಂಡ. ಭಯ ತನಗೊಬ್ಬನಿಗೇ ಎಂದು ಅವನು ಅಂದುಕೊಂಡಿದ್ದ.

ಎದೆ ತುಂಬ ಉಸಿರು ತೆಗೆದುಕೊಂಡ. "ಯಾಕಂದ್ರೆ ನೀನು ಬರ್ತೀಯ ಅಂತ," ಎಂದ. ದನಿ ಸಾಲದೆನಿಸಿ ಜೋರಾಗಿ ಹೇಳಿದ. "ಆಂಪ್ಲಿಫೈಯರ್ ಜೊತೆ ನೀನೂ ಬರ್ತೀಯ ಅಂತ. ನೀನಂದ್ರೆ ನಂಗೆ ತುಂಬ ಇಷ್ಟ, ಭೂಮಿ. ನನ್ನ ಮದ್ವೆ ಆಗ್ತೀಯಾ?"

ಹಾಡು ಮುಗಿಯುತ್ತ ಬಂದಿತ್ತು. ಅವಳ ಎಡಗೈ ಕಂಟ್ರೋಲರಿನ ಚಕ್ರದ ಮೇಲೆ, ಬಲಗೈ ಫೇಡರ್ ಮೇಲೆ. ಹೊಸ ಹಾಡನ್ನು ಹಳೆಯದರ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿದಳು.

ಎರಡೂ ಹಾಡು ಒಂದಾದ ಮೇಲೆ ತಿರುಗಿದಳು. ಅವಳ ಕೆನ್ನೆಯ ಅರಿಶಿನ ಹೆಡ್‌ಫೋನಿಗೆ ಹತ್ತಿ, ಅಲ್ಲಿಂದ ಅವನ ಕಿವಿಗೆ ಹತ್ತಿತ್ತು. ಅದನ್ನು ಹೆಬ್ಬೆರಳಲ್ಲಿ ಒರೆಸಹೋಗಿ ಇನ್ನಷ್ಟು ಹರಡಿದಳು.

"ನಾಳೆ ನಮ್ಮಪ್ಪನ ಆಂಪ್ಲಿಫೈಯರ್ ಕೆಡುತ್ತೆ," ಎಂದಳು. "ಹೊತ್ಕೊಂಡ್ ಬರೋಕಾಗಲ್ಲ. ನಿಮ್ಮಮ್ಮನ್ನ ಕರ್ಕೊಂಡು ಮನೇಗೇ ಬಂದು ನೋಡು."

"ಅಂದ್ರೆ... ಕೇಳಿಸ್ತಾ? ಪೂರ್ತಿ?"

"ಪೂರ್ತಿ."

ಅವನು ಮೇಜಿನ ಕಡೆ ನೋಡಿದ. ಸೌಂಡ್ ನೂರು ದಾಟದಂತೆ ನೋಡಿಕೊಳ್ಳಲು ಅವನೇ ಕೊಟ್ಟಿದ್ದ ಮೀಟರು ಅಲ್ಲಿ ಉರಿಯುತ್ತಿತ್ತು. ಪಕ್ಕದವರು ಕೂಗಿದರೂ ಕೇಳಿಸದಷ್ಟು ಸದ್ದು: ತೊಂಬತ್ತಾರು ಡೆಸಿಬಲ್.